ಕೆಜಾಯಾಳ ಒನ್ಸ್ ಮೋರ್

ಕೆಜಾಯಾ ಆರ್ಮರಾಡ್ ಓಲ್ಡಮ್ ಊರಿನ ರಂಗದ ಮೇಲೆ ಲೂಷಿಯಸ್ ಟ್ರಾಂಟರನ ತಲೆಯನ್ನು ಒಂದೇ ಏಟಿಗೆ ಹಾರಿಸಿದಳು. ತಲೆ ಸುಮ್ಮನೆ ಹಾರಲಿಲ್ಲ. ಗ್ಯಾಸ್ ದೀಪಗಳ ಸಾಲಿನ ಮೇಲಿಂದ ಹಾದು, ವಾದ್ಯದವರ ಗುಂಡಿಯನ್ನು ದಾಟಿ, ಎರಡನೆಯ ಸಾಲಿನಲ್ಲಿ ಕೂತಿದ್ದ ಕಟುಕನ ಹೆಂಡತಿಯ ಮಡಿಲಿಗೆ ಬಿತ್ತು. ಅಲ್ಲಿಂದಲೇ ತನ್ನ ಪಾಲಿನ ಬಾಕಿ ಮಾತನ್ನು ಉಚ್ಚಾರ ತಪ್ಪದೆ ಹೇಳಿ ಮುಗಿಸಿತು, ಚಪ್ಪಾಳೆಗಾಗಿ ಒಂದು ಗಳಿಗೆ ಕಾಯಿತು, ಆಮೇಲೆ ಕಣ್ಣು ಮುಚ್ಚಿತು. ಕತ್ತಿನ ಮೇಲಿದ್ದಷ್ಟು ದಿನ ಆ ತಲೆ ಒಂದು ಸಲವೂ ಅಷ್ಟು ಚೆನ್ನಾಗಿ ಮಾತು ಒಪ್ಪಿಸಿರಲಿಲ್ಲ.

ಆವತ್ತಿನ ಚಪ್ಪಾಳೆಯ ರಭಸಕ್ಕೆ ಪಕ್ಕದ ಹತ್ತಿ ಗಿರಣಿಯ ಚಿಮಣಿ ವಾಲಿತು. ಇವತ್ತಿಗೂ ವಾಲಿಕೊಂಡೇ ಇದೆ, ನಂಬದವರು ಹೋಗಿ ನೋಡಬಹುದು. ಡ್ರಮ್ ಬಾರಿಸುತ್ತಿದ್ದವನು ನಾನು, ಇನಕ್ ಬಾರ್ಡ್‌ಸ್ಲಿ. ರಂಗಕ್ಕೂ ನನ್ನ ಮೂಗಿಗೂ ಒಂದು ಮೊಳ ದೂರ. ಆದರೆ ಕಥೆ ನನ್ನದಲ್ಲ, ಕೆಜಾಯಾಳದು. ನಾನು ಗುಂಡಿಯಲ್ಲೇ ಇರುತ್ತೇನೆ.

ಅವಳು ಹುಟ್ಟಿದ್ದು ನಾಟಕ ಕಂಪನಿಯ ಗಾಡಿಯಲ್ಲಿ, ರಾಚ್‌ಡೇಲ್ ದಾರಿಯ ಮೇಲೆ, ಹಿಂದಿನ ಊರಿನವರು ಆಟ ಹಿಡಿಸದೆ ಕಲ್ಲು ಹೊಡೆದು ಓಡಿಸುತ್ತಿದ್ದಾಗ. ವಾರ ತುಂಬುವುದರೊಳಗೆ ಅವಳಿಗೆ ಪಾರ್ಟು ಸಿಕ್ಕಿತು: ಬಿಳಿಬಟ್ಟೆಯಲ್ಲಿ ಸುತ್ತಿದ ಸತ್ತ ಕೂಸು. ಕೂಸು ಎಷ್ಟು ಚೆನ್ನಾಗಿ ಸತ್ತಿತೆಂದರೆ ಊರಿನ ಪಾದ್ರಿ ಎದ್ದು ಬಂದು ಮಣ್ಣು ಮಾಡುವ ಏರ್ಪಾಟಿಗೆ ಶುರುವಿಟ್ಟುಕೊಂಡ. ಲಂಗ ಮೊಣಕಾಲು ದಾಟುವ ವಯಸ್ಸಿಗೆ ಅವಳನ್ನು ದಿಂಬಿನಿಂದ ಉಸಿರುಕಟ್ಟಿಸಿಯಾಗಿತ್ತು, ಬಾವಿಗೆ ತಳ್ಳಿಯಾಗಿತ್ತು, ತೋಳಗಳಿಗೆ ಎಸೆದಾಗಿತ್ತು. ಮೈನೆರೆಯುವ ಹೊತ್ತಿಗೆ ವಿಷ, ಹಗ್ಗ, ಬೆಂಕಿ ಮೂರೂ ಮುಗಿದಿದ್ದವು. ಲ್ಯಾಂಕಷೈರಿನಲ್ಲಿ ಒಬ್ಬ ಹೆಣ್ಣನ್ನು ಕೊಲ್ಲಲು ಎಷ್ಟು ದಾರಿಗಳಿವೆಯೋ ಅಷ್ಟರಲ್ಲೂ ಸತ್ತು ಎದ್ದು ಬಂದ ಮೇಲೆ ಅವಳಿಗೆ ಬೇಜಾರು ಹತ್ತಿತು.

“ಅಪ್ಪಾ, ನಾನಿನ್ನು ಸಾಯಲ್ಲ,” ಅಂದಳು.

“ಸಾಯದೆ ಇನ್ನೇನು ಮಾಡ್ತೀಯೆ? ಹಾಡೋಕೆ ಬರಲ್ಲ, ಕುಣಿಯೋಕೆ ಬರಲ್ಲ.”

“ಸಾಯಿಸ್ತೀನಿ.”

ಅಪ್ಪ ಜೋಬ್ ಆರ್ಮರಾಡ್ ಕಂಪನಿಯ ಖಳನಾಯಕ. ನಗಲಿಲ್ಲ. ಒಳಗಿಂದ ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಮೊಂಡು ಕತ್ತಿಯನ್ನು ತಂದು ಮಗಳ ಕೈಗೆ ಕೊಟ್ಟ.

ರಂಗದ ಕತ್ತಿ ಕಾಳಗವೆಂದರೆ ಮನಸ್ಸಿಗೆ ಬಂದಂತೆ ಬೀಸುವುದಲ್ಲ. ಅದಕ್ಕೆ ವರಸೆಗಳಿವೆ. ಎಂಟರ ವರಸೆ ಎಂದರೆ ಎಂಟು ಏಟು. ಯಾವುದು ಮೇಲಿಂದ, ಯಾವುದು ಕೆಳಗಿಂದ, ಯಾವುದಕ್ಕೆ ಎದುರಾಳಿಯ ಕತ್ತಿ ಎಲ್ಲಿರಬೇಕು, ಎಲ್ಲ ಗೊತ್ತುಪಡಿಸಿದ್ದು. ಎಂಟನೆಯದು ಮುಗಿದ ಕೂಡಲೆ ಇಬ್ಬರೂ ಕತ್ತಿಯ ಮೊನೆಯನ್ನು ನೆಲಕ್ಕೆ ಇಳಿಸಿ, ಬುಸುಗುಡುತ್ತ ಒಬ್ಬರನ್ನೊಬ್ಬರು ಸುತ್ತುತ್ತಾರೆ. ಜನ ಉಸಿರು ಬಿಡುವುದು ಆವಾಗಲೇ. ಗ್ಲಾಸ್ಗೋ ಹತ್ತು ಎಂಬುದು ಇನ್ನೊಂದು ವರಸೆ. ಮೊದಲ ಎಂಟು ಏಟು ಅದರಲ್ಲೂ ಅವೇ. ಆದರೆ ನಿಲ್ಲುವುದಿಲ್ಲ. ಒಂಬತ್ತನೆಯದು ಕಾಲಿಗೆ, ಎದುರಿನವರು ಹಾರಬೇಕು. ಹತ್ತನೆಯದು ತಲೆಗೆ, ಬಗ್ಗಬೇಕು. ಒಬ್ಬರನ್ನೊಬ್ಬರು ಜನ್ಮದಲ್ಲಿ ಕಂಡಿರದ ಇಬ್ಬರು ನಟರು ರೈಲಿನಿಂದಿಳಿದು ನೇರ ರಂಗಕ್ಕೆ ಬಂದರೂ ಸಾಕು. ಹಲ್ಲುಸಂದಿಯಲ್ಲಿ ಒಬ್ಬ “ಎಂಟು” ಅಂದರೆ, ಇನ್ನೊಬ್ಬ “ಹೂಂ” ಅಂದರೆ, ಒಂದು ಗೀರೂ ಆಗದಂತೆ ಒಬ್ಬರನ್ನೊಬ್ಬರು ಕೊಚ್ಚಿ ಹಾಕುತ್ತಿದ್ದರು. ಆ ಒಂದು ಮಾತಿನ ನಂಬಿಕೆಯ ಮೇಲೆ ಇಂಗ್ಲೆಂಡಿನ ನಟರ ಕೈಕಾಲುಗಳೆಲ್ಲ ನಿಂತಿದ್ದವು.

ಕೆಜಾಯಾ ಎಲ್ಲ ವರಸೆಗಳನ್ನೂ ಕಲಿತಳು. ಅಪ್ಪನಿಗೆ ಮಾತ್ರ ಗೊತ್ತಿದ್ದ ಕುಡುಕನ ವರಸೆಯನ್ನೂ ಕಲಿತಳು. ಅದರಲ್ಲಿ ಎಣಿಕೆಯೇ ಇಲ್ಲ. ತೂರಾಡಿದಂತೆ ಕಾಣಬೇಕು, ಏಟು ಎಲ್ಲಿಂದ ಬರುತ್ತದೆಂದು ಹೊಡೆಯುವವಳಿಗೂ ಗೊತ್ತಿರಬಾರದು. ಮುಂದೆ ಬೋಲ್ಟನ್ನಿನಲ್ಲಿ ಅವಳ ಕತ್ತಿಯ ಕಿಡಿಗೆ ಮೊದಲ ಸಾಲಿನ ಮುದುಕ ಪೈಪು ಹೊತ್ತಿಸಿಕೊಂಡ. ವಿಗನ್ನಿನಲ್ಲಿ ಗಣಿಯವರು ತಿನ್ನಲು ತಂದಿದ್ದ ಹಂದಿಕಾಲುಗಳನ್ನು ಮೇಲಿನಿಂದ ಎಸೆದರು, ಸಿಟ್ಟಿಗಲ್ಲ, ಪ್ರೀತಿಗೆ. ಒಂದು ಹಂದಿಕಾಲನ್ನು ಗಾಳಿಯಲ್ಲೇ ಎರಡು ಹೋಳು ಮಾಡಿ, ಒಂದನ್ನು ಬಾಯಲ್ಲಿ ಹಿಡಿದು, ಇನ್ನೊಂದು ಕೆಳಗೆ ಬೀಳುವುದರೊಳಗೆ ಮೂವರು ದರೋಡೆಕೋರರನ್ನು ಕೊಂದಳು. ನಾನು ಆಗ ವಿಗನ್ನಿನಲ್ಲಿ ಇರಲಿಲ್ಲ, ಆದರೆ ಹಂದಿಕಾಲಿನ ಮೂಳೆಯನ್ನು ನೋಡಿದ್ದೇನೆ.

ಒಂದು ವಿಷಯವನ್ನು ಮಾತ್ರ ಉಬ್ಬಿಸದೆ ಹೇಳುತ್ತೇನೆ. ಅಪ್ಪ ಸತ್ತ ಮೇಲೆ ಅವಳ ತಾಯಿ ತವರಿನ ಕಸುಬಿಗೆ, ಹತ್ತಿ ಗಿರಣಿಗೆ ಮರಳಿದಳು. ಒಂದು ದಿನ ಯಂತ್ರದ ಪಟ್ಟಿಗೆ ಜಡೆ ಸಿಕ್ಕಿಕೊಂಡಿತು. ಜಡೆಯ ಜೊತೆ ನೆತ್ತಿಯ ಚರ್ಮವೂ ಹೋಯಿತು. ಆ ತಾಯಿ ಬದುಕಿದ್ದ ಮಿಕ್ಕ ದಿನಗಳನ್ನೆಲ್ಲ ತಲೆಗೆ ಬಟ್ಟೆ ಕಟ್ಟಿಕೊಂಡೇ ಕಳೆದಳು. ರಂಗ ಬಿಟ್ಟರೆ ಕೆಜಾಯಾಳಿಗೆ ಇದ್ದದ್ದು ಅದೇ ಗಿರಣಿಯ ಬಾಗಿಲು. ಹಾಗಾಗಿ ಕತ್ತಿ ಹಿಡಿಯಲಾಗದ ದಿನ ಯಾವುದೆಂದು ಅವಳು ಯೋಚಿಸುತ್ತಲೇ ಇರಲಿಲ್ಲ, ಯೋಚಿಸಿದರೆ ನಿದ್ದೆ ಬರುತ್ತಿರಲಿಲ್ಲ.

ಓಲ್ಡಮ್ಮಿನಲ್ಲಿ ಲೂಷಿಯಸ್ ಟ್ರಾಂಟರ್ ಎಂಬವನ ಮರದ ಥಿಯೇಟರ್ ಇತ್ತು. ಅವನೇ ಮಾಲೀಕ, ಅವನೇ ಮುಖ್ಯ ನಟ. ಎದೆ ಪೀಪಾಯಿಯಂತೆ, ದನಿ ಪೀಪಾಯಿ ಉರುಳಿದಂತೆ, ಮೀನಖಂಡ ಮಾತ್ರ ಕಡ್ಡಿ. ಹಾಗಾಗಿ ಕಾಲುಚೀಲದೊಳಗೆ ತೌಡು ತುಂಬಿಕೊಳ್ಳುತ್ತಿದ್ದ. ಕೆಜಾಯಾಳನ್ನು ಕರೆಸಿಕೊಂಡವನು ಅವನೇ. ನಾಟಕದಲ್ಲಿ ಅವಳು ಗಂಡನನ್ನು ಕಳೆದುಕೊಂಡು, ಸಿಪಾಯಿಯ ಹಸಿರು ಕೋಟು ತೊಟ್ಟು ಸೇಡಿಗೆ ಬರುವ ವಿಧವೆ. ಅವನು ಗಂಡನನ್ನು ಕೊಂದ ಪಾಳೆಯಗಾರ. ಕೊನೆಯಲ್ಲಿ ಕಾಳಗ, ಅವನ ಸಾವು, ಪರದೆ.

ಆದರೆ ಓಲ್ಡಮ್ಮಿನ ಗ್ಯಾಲರಿ ಒಂದು ಸಾವಿಗೆ ಪರದೆ ಬೀಳಲು ಬಿಡುತ್ತಿರಲಿಲ್ಲ. ವಾರವೆಲ್ಲ ಯಂತ್ರದ ಸದ್ದಿನಲ್ಲಿ ಕಿವುಡಾಗಿ ಬಂದ ಜನ, ಮೇಲಾಳು ಬಯ್ದರೆ ತುಟಿ ಬಿಚ್ಚುವ ಹಾಗಿಲ್ಲದ ಜನ. ಶ್ರೀಮಂತನೊಬ್ಬ ಹೆಂಗಸಿನ ಕೈಯಲ್ಲಿ ಸಾಯುವುದನ್ನು ಕಂಡರೆ ಅವರಿಗೆ ಅನ್ನ ನೀರು ಬೇಡ. “ಒನ್ಸ್ ಮೋರ್!” ಎಂದು ಕೂಗು ಬಿದ್ದರೆ ಸತ್ತವನು ಎದ್ದು, ಮಂಡಿಯ ಧೂಳು ಕೊಡವಿ, ಕಾಳಗವನ್ನು ಮೊದಲಿನಿಂದ ಆಡಿ ಮತ್ತೆ ಸಾಯಬೇಕು. ಅದು ಪದ್ಧತಿ. ಇಲ್ಲವೆಂದರೆ ಬೆಂಚುಗಳು ಕಿತ್ತು ಬರುತ್ತವೆ.

“ಏಯ್ ಟ್ರಾಂಟರ್, ಬೇಗ ಸಾಯೋ, ತಿನ್ನೋಕೆ ತಂದ ಬಿಸಿ ಬಟಾಣಿ ಆರ್ತಾ ಇದೆ!”

“ಈ ಸಲ ನಾಲಿಗೆ ಹೊರಗೆ ಹಾಕಿ ಸಾಯಿ ಮಾರಾಯ, ಚೆನ್ನಾಗಿರುತ್ತೆ!”

“ಕೆಜ್, ಹೊಟ್ಟೆಗೆ ಹಾಕಮ್ಮಾ ಕತ್ತಿ! ನಮ್ಮ ಮೇಸ್ತ್ರಿ ಥರಾನೇ ಇದಾನೆ!”

ಒಂದು ಸಂಜೆಗೆ ನಾಲ್ಕು ಸಲ, ಐದು ಸಲ, ಒಂದು ಸೋಮವಾರ ನಲವತ್ತು ಸಲ ಅವನು ಸತ್ತ. ಮೈತುಂಬ ಬಾಸುಂಡೆ. ಮೀನಖಂಡದ ತೌಡು ಹಿಮ್ಮಡಿಗೆ ಇಳಿಯುತ್ತಿತ್ತು. ಚಿಕ್ಕಂದಿನಿಂದ ನಾಯಕನಾಗಬೇಕೆಂದು ಕನಸು ಕಂಡ ಮನುಷ್ಯ ಅವನು. ಸ್ವಂತ ದುಡ್ಡಿನಲ್ಲಿ ಕಟ್ಟಿದ ಥಿಯೇಟರಿನಲ್ಲಿ ಸ್ವಂತ ಊರಿನವರು ಅವನಿಂದ ಕೇಳುತ್ತಿದ್ದದ್ದು ಸಾವು ಒಂದನ್ನೇ. ಕೆಜಾಯಾಳನ್ನು ಓಡಿಸೋಣವೆಂದರೆ ಗ್ಯಾಲರಿ ಥಿಯೇಟರನ್ನೇ ಸುಡುತ್ತದೆ. ಅವನ ಒಳಗೆ ಏನೋ ಹಳಸತೊಡಗಿತು.

ಆ ಶನಿವಾರ ಬಣ್ಣದ ಕೋಣೆಗೆ ಅರಮಿಂಟಾ ಬಂದಳು. ಟ್ರಾಂಟರನ ಹೊಸ ಹೆಂಡತಿ, ಇಪ್ಪತ್ತು ದಾಟಿರದ ಹುಡುಗಿ, ತಾಟಿನಲ್ಲಿ ಚಮಚ ಬಿದ್ದರೂ ಬೆಚ್ಚುವವಳು. ಬಾಗಿಲಲ್ಲೇ ನಿಂತಳು. ಅವಳ ಮೈಮೇಲೆ ಹಸಿರು ಕೋಟು ಇತ್ತು. ಕೆಜಾಯಾಳದೇ ಕೋಟು ಅನ್ನುವ ಹಾಗೆ, ಸೊಂಟ ಮಾತ್ರ ಚಿಕ್ಕದು.

ಕನ್ನಡಿಯಲ್ಲೇ ಅವಳನ್ನು ನೋಡಿ ಕೆಜಾಯಾ, “ಏನಮ್ಮಾ, ನನ್ನ ಕೋಟು ಮರಿ ಹಾಕ್ತಾ?” ಅಂದಳು.

“ಅವರೇ ಹೊಲಿಸಿದ್ದು, ಮಿಸ್ ಆರ್ಮರಾಡ್. ಮಾತೆಲ್ಲ ಬಾಯಿಪಾಠ ಮಾಡು ಅಂದ್ರು. ಇವತ್ತು ಸೈಡ್ ವಿಂಗ್‌ನಲ್ಲಿ ನಿಂತಿರು, ಬೇಕಾಗಬಹುದು ಅಂದ್ರು.”

“ಯಾಕಂತೆ ಬೇಕಾಗೋದು?”

“ಕೇಳಿದೆ. ನಕ್ಕರು.” ಹುಡುಗಿ ಕೋಟಿನ ಗುಂಡಿ ತಿರುವುತ್ತ ನಿಂತಳು. “ಅವರ ಕತ್ತಿ ಎರಡು ದಿನದಿಂದ ಕಮ್ಮಾರನ ಹತ್ತಿರ ಇತ್ತು. ಇವತ್ತು ಬೆಳಿಗ್ಗೆ ಬಂತು. ಅದರಲ್ಲಿ ನಾನು ಬ್ರೆಡ್ಡು ಕೊಯ್ದೆ, ತಮಾಷೆಗೆ. ಬ್ರೆಡ್ಡಿನ ಜೊತೆ ಹಲಗೆನೂ ಹೋಯ್ತು.”

ಕೆಜಾಯಾ ಬಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. ಕೈ ಮಾತ್ರ ನಿಧಾನವಾಯಿತು.

“ಆಡಬೇಡಿ ಇವತ್ತು. ಹೊಟ್ಟೆನೋವು ಅಂತ ಹೇಳಿ. ದಮ್ಮಯ್ಯ ಅಂತೀನಿ.”

“ಕಾಳಗಕ್ಕೆ ಹೆದರಿ ಹಿಂದೆ ಸರಿದ್ಲು ಅಂತ ಒಂದು ಸಲ ಹೆಸರು ಬಿದ್ರೆ ಮುಗೀತು ಕಣೆ ಹುಡುಗಿ. ಆಮೇಲೆ ಯಾವ ಕಂಪನಿ ಕರೆಯುತ್ತೆ ನನ್ನ? ಗಿರಣಿ ಕರೆಯುತ್ತೆ, ಅಷ್ಟೆ.” ಎದ್ದು ಕತ್ತಿ ತೆಗೆದುಕೊಂಡಳು. “ನಿನಗೆ ಈ ಪಾರ್ಟು ಬೇಕಾ?”

“ನನಗೆ ಮನೆಗೆ ಹೋಗಬೇಕು,” ಅಂದಳು ಅರಮಿಂಟಾ. ಹೇಳುತ್ತ ಅತ್ತುಬಿಟ್ಟಳು.

ಶನಿವಾರವೆಂದರೆ ಗಿರಣಿಯವರ ಜೇಬು ಬೆಚ್ಚಗಿರುವ ದಿನ. ಸಾವಿರ ಜನ ಹಿಡಿಯುವ ಥಿಯೇಟರಿನಲ್ಲಿ ಒಂದು ಲಕ್ಷ ಜನ ಇದ್ದರು. ಗ್ಯಾಲರಿಯಿಂದ ಕಿತ್ತಳೆ ಸಿಪ್ಪೆ, ಶುಂಠಿ ಬೀರಿನ ಬಾಟಲಿ, ಒಂದು ಮಗು ಕೆಳಗೆ ಬಿದ್ದವು. ಮಗುವನ್ನು ಪಿಟೀಲಿನವನು ಹಿಡಿದ, ನುಡಿಸುವುದನ್ನು ನಿಲ್ಲಿಸದೆ. ಕಾಳಗದ ಹೊತ್ತು ಬಂತು. ನಾನು ಡ್ರಮ್ ಗುಡುಗಿಸಿದೆ. ಪಾಳೆಯಗಾರ ಎಡದಿಂದ, ವಿಧವೆ ಬಲದಿಂದ.

“ಎಂಟು,” ಅಂದ ಟ್ರಾಂಟರ್, ತುಟಿ ಅಲುಗದಂತೆ.

ಕೆಜಾಯಾ ಅವನ ಮುಖವನ್ನೇ ನೋಡಿದಳು. ಕತ್ತಿ ಹರಿತವಾಗಿದ್ದರೇನು, ವರಸೆ ವರಸೆಯೇ. ಗೊತ್ತಿರುವ ಜಾಗಕ್ಕೆ ಗೊತ್ತಿರುವ ಏಟು ಬಂದರೆ ಹರಿತದ ಕತ್ತಿಯೂ ಮೊಂಡು ಕತ್ತಿಯೂ ಒಂದೇ. ವರಸೆಯ ಹೆಸರು ಸುಳ್ಳು ಹೇಳಿದ ನಟನನ್ನು ಅವಳು ಕೇಳಿಯೂ ಇರಲಿಲ್ಲ. ಕಳ್ಳರಲ್ಲೂ ಕುಡುಕರಲ್ಲೂ ಅಂಥವನು ಇರಲಿಲ್ಲ.

“ಹೂಂ,” ಅಂದಳು.

ಮೊದಲ ಏಟಿಗೇ ಅವಳಿಗೆ ತಿಳಿಯಿತು. ಮೊಂಡು ಕತ್ತಿಗಳು ತಾಗಿದರೆ ದಪ್ಪ ಕೆಂಪು ಕಿಡಿ. ಇದು ಸಣ್ಣ ಬಿಳಿ ಕಿಡಿ, ಹಾವಿನ ಬುಸ್ಸೆನ್ನುವ ಸದ್ದು. ಅವನ ಕತ್ತಿ ಅವಳ ಕತ್ತಿಯನ್ನೇ ಕಚ್ಚಿ ಕಚ್ಚಿ ಹಲ್ಲು ಮೂಡಿಸುತ್ತಿತ್ತು. ಎರಡು, ಮೂರು, ನಾಲ್ಕು. ಅವನ ಏಟಿನಲ್ಲಿ ಆಟವಿರಲಿಲ್ಲ, ಒಂದೊಂದೂ ಮರ ಕಡಿಯುವವನ ಏಟು. ಅವಳ ಮಣಿಕಟ್ಟಿನಿಂದ ಭುಜದವರೆಗೆ ಜೋಮು ಹಿಡಿಯಿತು. ಏಳು. ಎಂಟು. ವರಸೆ ಮುಗಿಯಿತು. ಕೆಜಾಯಾ ಕತ್ತಿಯ ಮೊನೆಯನ್ನು ನೆಲಕ್ಕೆ ಇಳಿಸಿ, ಎರಡೂ ಕೈ ಹಿಡಿಯ ಮೇಲಿಟ್ಟು, ಸುತ್ತಲು ಮೊದಲ ಹೆಜ್ಜೆ ತೆಗೆದಳು.

ಟ್ರಾಂಟರ್ ನಿಲ್ಲಲಿಲ್ಲ. ಒಂಬತ್ತನೆಯ ಏಟು ಬಂತು.

ಅದು ಅವಳ ಕೈಗೆ ಸಣ್ಣದೊಂದು ಗೀರು ಮಾಡಿತು. ಸೂಜಿ ತಾಗಿದಷ್ಟು, ಸೊಳ್ಳೆ ಕಚ್ಚಿದಷ್ಟು, ಅಷ್ಟೇ. ಹತ್ತನೆಯದು ತಲೆಗೆ. ಅವಳು ಬಗ್ಗಿದಳೋ ಕುಸಿದಳೋ, ಕತ್ತಿ ನೆತ್ತಿಯ ಮೇಲೆ ಹಾದುಹೋಗಿ ಟೋಪಿಯನ್ನು ಸೀಳಿತು. ಕೆಜಾಯಾ ನೆಲಕ್ಕೆ ಬಿದ್ದಳು. ಹಸಿರು ಕೋಟಿನ ತೋಳು ಕಪ್ಪಾಗುತ್ತ ಬಂತು.

ಆಮೇಲೆ ಗ್ಯಾಲರಿ ಎದ್ದು ನಿಂತಿತು. ಅವರು ಕಂಡದ್ದು ಹೊಸ ಆಟ: ಕೆಜ್ ಬೀಳುತ್ತಾಳೆ, ರಕ್ತ ಚಿಮ್ಮುತ್ತದೆ! ರಕ್ತವೆಂದು ಚೆಲ್ಲುವ ಬೀಟ್‌ರೂಟ್ ರಸ ಇಷ್ಟು ದಪ್ಪ ಯಾವತ್ತೂ ಬಂದಿರಲಿಲ್ಲ.

“ಒನ್ಸ್ ಮೋರ್!”

ಟ್ರಾಂಟರ್ ಕೈ ಎತ್ತಿದ. “ಮಹನೀಯರೇ, ಮಿಸ್ ಆರ್ಮರಾಡರಿಗೆ ದುರದೃಷ್ಟವಶಾತ್ ಪೆಟ್ಟಾಗಿದೆ. ಮುಂದಿನ ಭಾಗವನ್ನು ಮಿಸೆಸ್ ಟ್ರಾಂಟರ್...” ಎಂದು ಸೈಡ್ ವಿಂಗಿನ ಕಡೆ ಕೈ ಚಾಚಿದ. ಅರಮಿಂಟಾ ಹಸಿರು ಕೋಟಿನಲ್ಲಿ ಬೆಳಕಿಗೆ ಬಂದಳು.

“ಇವಳ್ಯಾರೋ?”

“ಕೆಜ್‌ನ ತಂಗಿಯೇನೋ!”

“ತಂಗಿ ಬೇಡ! ಏಳೇ ಕೆಜ್! ಒನ್ಸ್ ಮೋರ್!”

ಮೊದಲ ಬಾಟಲಿ ಟ್ರಾಂಟರನ ಕಿವಿಯ ಪಕ್ಕ ಒಡೆಯಿತು. ಹಿಂದೆ ಎಲ್ಲೋ ಬೆಂಚು ಮುರಿದ ಸದ್ದು. ಅವನ ಮುಖ ಬಿಳಿಚಿತು. ನಾಲ್ಕು ಸಲ, ಐದು ಸಲ ಸತ್ತು ಸತ್ತು ಅವನೇ ಬೆಳೆಸಿದ ಪದ್ಧತಿ ಅದು. ಒನ್ಸ್ ಮೋರ್ ಅಂದರೆ ಮೊದಲಿನಿಂದ ಆಡಲೇಬೇಕು.

ಅರಮಿಂಟಾ ಕೆಜಾಯಾಳ ಪಕ್ಕ ಮಂಡಿಯೂರಿ, ಕೊರಳಿನ ವಸ್ತ್ರ ಬಿಚ್ಚಿ ಅವಳ ಕೈಗೆ ಸುತ್ತಿದಳು. ಅಷ್ಟು ಹೆದರುಪುಕ್ಕಲಿಯ ಬೆರಳು ಆವಾಗ ನಡುಗಲಿಲ್ಲ.

“ಬಿಗಿಯಾಗಿ ಕಟ್ಟು,” ಅಂದಳು ಕೆಜಾಯಾ. “ಇನ್ನೂ ಬಿಗಿ.”

“ಏಳಬೇಡಿ.”

“ಅವರು ಕರೀತಾ ಇದಾರಲ್ಲೇ.”

ಎದ್ದಳು. ಗ್ಯಾಲರಿಯ ಕೂಗಿಗೆ ಮ್ಯಾಂಚೆಸ್ಟರಿನ ಗಡಿಯಾರ ನಿಂತುಹೋಯಿತು. ಕತ್ತಿಯನ್ನು ಬಲಗೈ ಒಂದರಲ್ಲೇ ಎತ್ತಿ ಹಿಡಿದಳು. ಟ್ರಾಂಟರ್ ಎದುರು ಬಂದು ನಿಂತ.

“ಎಂಟಾ?” ಅಂದ, ಪಿಸುದನಿಯಲ್ಲಿ.

ಅವಳು ಕತ್ತಿಯನ್ನು ಹೆಗಲಿಗೆ ತಂದಳು.

“ಗ್ಲಾಸ್ಗೋನಾ? ಕೆಜಾಯಾ, ಯಾವುದು ಹೇಳು. ಹೇಳದೆ ಹೆಂಗೆ ಆಡೋದು?”

ಅವಳು ತೂರಾಡಿದಳು. ಕಣ್ಣು ಅರ್ಧ ಮುಚ್ಚಿತ್ತು. ಬೀಳುತ್ತಾಳೆಂದುಕೊಂಡು ಅವನು ಒಂದು ಹೆಜ್ಜೆ ಮುಂದೆ ಬಂದ. ಮೊದಲ ಏಟು ಅವನ ಕೊರಳೆಲುಬಿಗೆ ಬಿತ್ತು. ಮೊಂಡು ಕತ್ತಿ ಕೊಯ್ಯುವುದಿಲ್ಲ, ಮುರಿಯುತ್ತದೆ. ಎಲುಬು ಮುರಿದ ಸದ್ದು ಗ್ಯಾಲರಿಯ ಕೊನೆಯ ಬೆಂಚಿಗೂ ಕೇಳಿಸಿತು. ಎರಡನೆಯದು ಹಿಡಿಯಿಂದ, ಬಾಯಿಗೆ. ಅವನು ಹಲ್ಲು ಉಗಿದ. ಯಾವ ಏಟಿಗೆ ಕತ್ತಿ ಎಲ್ಲಿಡಬೇಕೆಂದು ಗೊತ್ತಾಗದೆ ಅವನ ಕೈಗಳು ಹುಚ್ಚು ಹಿಡಿದಂತೆ ಮೇಲೆ ಕೆಳಗೆ ಆಡಿದವು. ಮೊಣಕಾಲಿಗೆ ಬಿತ್ತು. ಕಾಲುಚೀಲ ಹರಿದು ತೌಡು ಸುರಿಯಿತು. ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ಅವನು ಸತ್ತ.

“ಒನ್ಸ್ ಮೋರ್!”

ಎದ್ದ. ಏಳದಿದ್ದರೆ ಅವರು ಇಳಿದು ಬರುತ್ತಿದ್ದರು. ಈ ಸಲ ಅವಳು ಅವನನ್ನು ದೀಪಗಳ ಸಾಲಿಗೆ ಅಟ್ಟಿದಳು. ಕೋಟಿನ ಬಾಲಕ್ಕೆ ಬೆಂಕಿ ಹತ್ತಿತು. ಆರಿಸಿಕೊಳ್ಳಲು ಉರುಳಾಡಿದವನ ಪಕ್ಕೆಗೆ ಒಂದು, ಬೆನ್ನಿಗೆ ಒಂದು. ಅವನು ಕುರುಡಾಗಿ ಬೀಸಿದ ಹರಿತದ ಕತ್ತಿ ಬಣ್ಣದ ಪರದೆಯ ಕಾಡನ್ನು ಅಡ್ಡಡ್ಡ ಸೀಳಿತು, ತೊಲೆಗೆ ಕಚ್ಚಿಕೊಂಡಿತು, ಬರಲೇ ಇಲ್ಲ. ಮತ್ತೆ ಸತ್ತ. ಮತ್ತೆ ಕೂಗು. ನಾನು ಡ್ರಮ್ಮನ್ನು ಎಷ್ಟು ಜೋರಾಗಿ ಬಾರಿಸಿದೆನೆಂದರೆ ಚರ್ಮ ಹರಿಯಿತು, ಆಮೇಲೆ ಬರೀ ಚೌಕಟ್ಟನ್ನೇ ಬಾರಿಸಿದೆ, ಆಮೇಲೆ ಪಿಟೀಲಿನವನನ್ನು ಬಾರಿಸಿದೆ. ಮೂರನೆಯ ಸಲ ಅವನು ಮಂಡಿಯ ಮೇಲೆ, ಬರಿಗೈ, ಮುಖವೆಲ್ಲ ರಕ್ತ. ಕೆಜಾಯಾ ಕತ್ತಿಯನ್ನು ಸೂರಿಗೆ ತಾಗುವಷ್ಟು ಎತ್ತಿದಳು. ಒಂದು ಲಕ್ಷ ಜನ ಒಂದೇ ದನಿಯಲ್ಲಿ “ತೆಗಿ!” ಅಂದರು. ತೆಗೆದಳು. ತಲೆ ದೀಪಗಳ ಮೇಲಿಂದ ಹಾದು, ನಮ್ಮ ಗುಂಡಿ ದಾಟಿ...

ಈ ಕಥೆಯನ್ನು ನಾನು ಬಹಳ ವರ್ಷಗಳಿಂದ ಹೀಗೇ ಹೇಳುತ್ತ ಬಂದಿದ್ದೇನೆ. ಕೇಳಿದವರು ಒಂದು ಗ್ಲಾಸು ಬೀರು ಕೊಡಿಸದೆ ಹೋಗಿಲ್ಲ. ಮೊನ್ನೆಯೂ ಗಿರಣಿಯ ಮೂಲೆಯ ಪಬ್ಬಿನಲ್ಲಿ ಹೇಳುತ್ತಿದ್ದೆ. ತಲೆ ಕಟುಕನ ಹೆಂಡತಿಯ ಮಡಿಲಿಗೆ ಇನ್ನೇನು ಬೀಳಬೇಕು, ಅಷ್ಟರಲ್ಲಿ ಬೆಂಕಿಗೂಡಿನ ಪಕ್ಕದಿಂದ ಒಂದು ದನಿ ಬಂತು.

“ಯಾರ ಮಡಿಲೋ, ಇನಕ್?”

ತಿರುಗಿ ನೋಡಿದರೆ ಕೆಜಾಯಾ. ಕಪ್ಪು ಶಾಲು, ಮುಂದೆ ಕಪ್ಪು ಬೀರು. ಈಗ ಅವಳಿಗೆ ದಾದಿಯ ಪಾರ್ಟು, ಅಜ್ಜಿಯ ಪಾರ್ಟು, ಮಾಟಗಾತಿಯ ಪಾರ್ಟು. ಅವಳು ಬಂದು ಕೂತದ್ದನ್ನು ನಾನು ನೋಡಿರಲಿಲ್ಲ.

“ಕಟುಕನ ಹೆಂಡ್ತಿ ಮಡಿಲು,” ಅಂದೆ, ದನಿ ತಗ್ಗಿಸಿ.

“ಟ್ರಾಂಟರ್ ಹೋದ ವರ್ಷ ಸೌತ್‌ಪೋರ್ಟಲ್ಲಿ ಸತ್ತ, ಕೆಮ್ಮು ಬಂದು. ಮಣ್ಣು ಮಾಡೋವಾಗ ನಾನೂ ಅರಮಿಂಟಾನೂ ಹೋಗಿದ್ವಿ. ಪೆಟ್ಟಿಗೆ ಮುಚ್ಚೋ ಮುಂಚೆ ನೋಡಿದೆ. ತಲೆ ಇತ್ತಪ್ಪಾ.”

ಪಬ್ಬು ಗೊಳ್ಳೆಂದಿತು. ಒಬ್ಬ, “ಹಂಗಾದ್ರೆ ಹಾರಿದ್ದು ಏನೋ ಮುದುಕಾ?” ಅಂದ.

“ವಿಗ್ಗು,” ಅಂದೆ. “ವಿಗ್ಗು ಹಾರಿತು.”

“ಆಮೇಲೆ?” ಅಂದಳು ಕೆಜಾಯಾ.

“ಆಮೇಲೆ ನೀವು ಕತ್ತೀನ ಅವನ ಕತ್ತಿನ ಮೇಲೆ ಇಟ್ರಿ. ‘ಇನ್ನೊಂದ್ಸಲ ಸಾಯ್ತೀರಾ, ಮಿಸ್ಟರ್ ಟ್ರಾಂಟರ್?’ ಅಂದ್ರಿ. ಅವನು ತಲೆ ಆಡಿಸಿ, ತಾನಾಗಿ ಮಲಕ್ಕೊಂಡು ಸತ್ತ. ಬೆಂಚೆಲ್ಲ ಕಿತ್ತು ಎಸೆದ್ರೂ ಏಳಲಿಲ್ಲ.”

“ಇಟ್ಟೆ ಅಂತೀಯ. ಇಡೋದೇನು ಬಂತು? ಎತ್ತೋಕೆ ಆಗ್ಲಿಲ್ಲ ಕಣೋ. ಕೈ ಸತ್ತುಹೋಗಿತ್ತು. ಜಾರಿ ಅವನ ಹೆಗಲ ಮೇಲೆ ಬಿತ್ತು. ಅವನು ತಳ್ಳಿದ್ರೆ ನಾನೇ ಬಿದ್ದುಹೋಗ್ತಿದ್ದೆ. ಮುಖ ಒಂದು ಇತ್ತಲ್ಲ, ಅದನ್ನ ತೋರಿಸ್ದೆ. ಜೀವಮಾನದಲ್ಲಿ ನಾನು ಆಡಿದ್ದು ಅಂದ್ರೆ ಆವತ್ತೇ.” ಒಂದು ಗುಟುಕು ಕುಡಿದಳು. “ಸರಿ. ನೀನೆಲ್ಲಿದ್ದೆ ಆವಾಗ?”

“ಡ್ರಮ್ ಹತ್ತಿರ.”

“ಡ್ರಮ್ ಹತ್ತಿರ ಡ್ರಮ್ ಇತ್ತು. ಒನ್ಸ್ ಮೋರ್ ಆದಾಗ ಒಂದು ಏಟೂ ಕೇಳಿಸಲಿಲ್ಲ ನನಗೆ. ನೀನೆಲ್ಲಿದ್ದೆ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ರಂಗದ ಕೆಳಗೆ,” ಅಂದೆ. “ಹಲಗೆ ಸಂದಿಯಿಂದ ನೋಡ್ತಾ ಇದ್ದೆ. ನಿಮ್ಮ ಕಾಲು ನಡುಗೋದು ಕಾಣ್ತಿತ್ತು. ಕತ್ತಿ ಮೊನೆ ನೆಲಕ್ಕೆ ಎಳೆಯೋದು ಕಾಣ್ತಿತ್ತು.”

“ಯಾಕೆ ಇಳಿದೆ?”

ಅವಳು ಶಾಲಿನ ಒಳಗಿಂದ ಎಡಗೈಯನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ವಾತ ಹಿಡಿದಿದೆ, ಗಾಳಿ ಸೋಕಬಾರದು ಎಂದು ಇಷ್ಟು ವರ್ಷ ಎಲ್ಲರೂ ಅಂದುಕೊಂಡಿದ್ದ ಕೈ. ಅದರಲ್ಲಿ ಕಿರುಬೆರಳೂ ಇರಲಿಲ್ಲ, ಅದರ ಪಕ್ಕದ್ದೂ ಇರಲಿಲ್ಲ.

“ಸೊಳ್ಳೆ ಕಚ್ಚಿದಷ್ಟು, ಅಂತೀಯ,” ಅಂದಳು.

ಆವತ್ತು ರಂಗದಿಂದ ದೀಪಗಳ ಮೇಲಿಂದ ಹಾರಿ ಬಂದದ್ದು ತಲೆಯಲ್ಲ. ಗುಂಡಿಯನ್ನು ದಾಟಿ ಹೋಗಲೂ ಇಲ್ಲ. ಒಂಬತ್ತನೆಯ ಏಟಿನ ಮರುಗಳಿಗೆ ನನ್ನ ಡ್ರಮ್ಮಿನ ಚರ್ಮದ ಮೇಲೆ ಬಿತ್ತು. ಕೋಲು ನನ್ನ ಕೈಯಲ್ಲಿ ಎತ್ತಿಕೊಂಡೇ ಇತ್ತು, ನಾನು ಬಾರಿಸಿರಲಿಲ್ಲ, ಡ್ರಮ್ ತಾನಾಗಿ ಎರಡು ಸಲ ಸದ್ದು ಮಾಡಿತು. ಬಗ್ಗಿ ನೋಡಿದೆ. ಕೋಲು ಬಿಟ್ಟು ಓಡಿದೆ. ಅಲ್ಲಿ ಇಲ್ಲದ್ದನ್ನೆಲ್ಲ ಇಷ್ಟು ವರ್ಷ ಹಾರಿಸುತ್ತ ಬಂದೆ, ಆ ಎರಡನ್ನು ಮಾತ್ರ ಬಾಯಿ ಬಿಟ್ಟು ಹೇಳಲಾಗಲಿಲ್ಲ. ಇದನ್ನೆಲ್ಲ ಅವಳ ಮುಂದೆ, ಅಷ್ಟು ಜನರ ಮುಂದೆ, ಹೇಳಿದೆ.

ಕೆಜಾಯಾ ಕೈಯನ್ನು ಮತ್ತೆ ಶಾಲಿನೊಳಗೆ ಎಳೆದುಕೊಂಡಳು.

“ಎರಡು ಸಲ ಸದ್ದು ಮಾಡ್ತಾ?”

“ಹೂಂ. ಟಪ್, ಟಪ್.”

“ತಾಳ ಸರಿಯಾಗಿತ್ತಾ?”

“ಸರಿಯಾಗಿತ್ತು.”

“ನೀನು ಬಾರಿಸಿದ್ದಕ್ಕಿಂತ ವಾಸಿ ಅನ್ನು,” ಅಂದಳು. ಖಾಲಿ ಗ್ಲಾಸನ್ನು ನನ್ನ ಕಡೆ ತಳ್ಳಿದಳು. ನಾನು ಎದ್ದು ಹೋಗಿ ತುಂಬಿಸಿಕೊಂಡು ಬಂದೆ.